ಮಾತ್ರೆ ಇನ್ನೂ ದಾರೀಲೈತೆ

ಹುಣಸೂರಿನ ನಮ್ಮ ಬೀದಿಯ ಟೈಲರಿಗೆ ಮಾಗಿ ಬಂತೆಂದರೆ ಬೆರಳ ತುದಿಗಳು ಒಣಗಿ ಸೀಳುತ್ತಿದ್ದವು. ರೇಷ್ಮೆ ಮುಟ್ಟಿದರೆ ಎಳೆ ಕಿತ್ತು ಬರುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಬಟ್ಟೆಗೆ ಕಲೆ. ಹಾಗಾಗಿ ಆ ವರ್ಷ ಮೈಸೂರಿನ ಡಾಕ್ಟರು ಬರೆದುಕೊಟ್ಟ ಸೆರಮೈಡ್ ಮಾತ್ರೆ ನುಂಗತೊಡಗಿದ್ದರು. ಅದು ಹೊಟ್ಟೆಗೆ ಹೋಗಿ ಚರ್ಮದ ಪಸೆಯನ್ನು ಕಾಯುತ್ತದಂತೆ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದವರೇ ಒಂದು ರೇಷ್ಮೆ ಚೂರಿನ ಮೇಲೆ ಬೆರಳಾಡಿಸಿ ನೋಡುವರು. ಎಳೆ ಸಿಕ್ಕಿಕೊಂಡರೆ, "ಮಾತ್ರೆ ಇನ್ನೂ ದಾರೀಲೈತೆ" ಎಂದು ಚೂರನ್ನು ಜೇಬಿಗಿಳಿಸುವರು.

ನಮ್ಮಕ್ಕನ ಮದುವೆ ರವಿಕೆಯ ಬಟ್ಟೆ ಅವರ ಹತ್ತಿರವೇ ಇತ್ತು. ಅಮ್ಮ ದಿನಾ ಹೋಗಿ ನಿಲ್ಲುತ್ತಿದ್ದಳು.

"ಅಣ್ಣಾ, ಧಾರೆ ಹತ್ರ ಬಂತು. ಬೇರೆಯವರ ಕೈಲಾದ್ರೂ ಹೊಲಿಸ್ತೀನಿ, ಕೊಡಿ."

"ಆ ಮಾತೊಂದು ಆಡಬ್ಯಾಡಿ ಕಣಮ್ಮಾ. ನಿಮ್ ಧಾರೆ ರವಿಕೇನೂ ನಾನೇ ಹೊಲ್ದಿದ್ದು. ಮಾತ್ರೆ ಮೊಣಕೈ ದಾಟೈತೆ."

ಪಕ್ಕದಲ್ಲಿ ಹುಕ್ಕು ಹಾಕುತ್ತ ಕೂತಿದ್ದ ಅವರ ಹೆಂಡತಿ, "ಅದೇನು ಊರೂರಲ್ಲೂ ನಿಂತ್ಕಂಡು ಬರೋ ಕೋಟೆ ಬಸ್ಸಲ್ಲಿ ಬತ್ತಾ ಐತೋ ಏನೋ!" ಎಂದರು.

ಶಿವರಾತ್ರಿ ಕಳೆದ ಮಾರನೆಯ ಬೆಳಿಗ್ಗೆ ಬೆರಳು ರೇಷ್ಮೆಯ ಮೇಲೆ ನುಣ್ಣಗೆ ಜಾರಿತು. ಸಂಜೆಯೊಳಗೆ ರವಿಕೆ ಸಿದ್ಧವಾಯಿತು. ಒಂದು ಎಳೆಯೂ ಎದ್ದಿರಲಿಲ್ಲ. ಅಮ್ಮನ ಕೈಗಿಡುತ್ತ, "ನೋಡಿ, ಬಂದು ಸೇರ್ತು ಮಾತ್ರೆ" ಎಂದರು.

"ಶಿವರಾತ್ರೀಗೆ ಚಳಿ ಹೋಯ್ತು, ಅದ್ಕೇ ಕೈ ಸರಿಯಾಯ್ತು ಕಣ್ರೀ" ಎಂದು ಹೆಂಡತಿ ನಕ್ಕರು.

ಟೈಲರು ಕನ್ನಡಕದ ಮೇಲಿಂದ ಅವರನ್ನೊಮ್ಮೆ ನೋಡಿದರು.

"ಆ ಚಳೀನ ಓಡ್ಸಿದ್ದು ಯಾರು ಅಂದ್ಕಂಡೆ?"