ಕಡಲ ಕೋಟೆಯ ದೀಪಕ್ಕೆ ಜವಾಬು

ಬೆಳಕು ಹರಿಯುತ್ತಿದೆ. ಮಲೆಯಾಳ ಸೀಮೆಯ ಕಡಲ ಕೋಟೆಯಲ್ಲಿ, ದೀಪದ ಗೋಪುರದ ತುದಿಯಲ್ಲಿ ನಿಂತ ಜೋಗಪ್ಪ ಬತ್ತಿ ಇಳಿಸಿ, ಮಸಿ ಹಿಡಿದ ಗಾಜು ತಿಕ್ಕುತ್ತಾನೆ. ಆಮೇಲೆ ಸುತ್ತ ಪರದೆ ಎಳೆಯುತ್ತಾನೆ. ಆ ದಪ್ಪ ಗಾಜಿಗೆ ಬಿಸಿಲು ಬಿದ್ದರೆ ಬೆಂಕಿಯೇ ಹತ್ತೀತು. ಕೋಟೆ ಕಟ್ಟಿಸಿದ ಬಿಳಿಯರು ಮಣ್ಣಾಗಿ ಎಷ್ಟೋ ಕಾಲವಾಯಿತು. ಅವರ ಫಿರಂಗಿಗಳ ಮೇಲೆ ಈಗ ಜೋಗಪ್ಪನ ಪಂಚೆ ಒಣಗುತ್ತದೆ.

ಊರು ಮೊಳಕಾಲ್ಮೂರು ಕಡೆಯ ದೇವಸಮುದ್ರ, ಕುರಿ ಕಾಯುವ ಮನೆತನ. ವಿಕ್ಟೋರಿಯಾ ರಾಣಿ ತೀರಿಕೊಂಡ ವರ್ಷ ಚಳ್ಳಕೆರೆಯ ಕಂಬಳಿ ವ್ಯಾಪಾರಿಗಳ ಜತೆ ಬಂದವನು ಜ್ವರ ಹಿಡಿದು ಇಲ್ಲೇ ಉಳಿದ. ರಾತ್ರಿಯಿಡೀ ಎಚ್ಚರವಿರುವ ಕುರಿಗಾರನೆಂದು ದೀಪದ ಉಸ್ತುವಾರಿಯ ಇಂಗ್ಲಿಷ್ ದೊರೆ ಕೆಲಸಕ್ಕಿಟ್ಟುಕೊಂಡ.

"ಕನ್ನಡ ಬರ್ತೈತೆ, ತೆಲುಗು ಬರ್ತೈತೆ. ಇಲ್ಲಿ ಎರಡೂ ನಡೆಯಲ್ಲ ಕಣ್ರಿ. ಮಾತಾಡಬೇಕು ಅನ್ನಿಸಿದ್ರೆ ದೀಪದ ಜತೇನೇ," ಎನ್ನುತ್ತಾನೆ ಜೋಗಪ್ಪ, ನಮ್ಮತ್ತ ತಿರುಗಿ.

ಅವನ ಹಟ್ಟಿಯಲ್ಲೊಂದು ಪದ್ಧತಿ. ಮುಸ್ಸಂಜೆ ಒಬ್ಬ ಕೊಳ್ಳಿ ಬೀಸಿದರೆ, ದೂರದ ಕುರಿಮಂದೆಯವನು ತಾನೂ ಬೀಸಿ ಕ್ಷೇಮವೆಂದು ಜವಾಬು ಕೊಡಬೇಕು. ಕೊಡದಿದ್ದರೆ ಯಾರಾದರೂ ಎದ್ದು ಹೋಗಿ ನೋಡಿ ಬರುತ್ತಾರೆ. ಹೊಸತರಲ್ಲಿ ಜೋಗಪ್ಪ ಹಡಗಿನ ದೀಪ ಕಂಡು ಹಿಗ್ಗಿ ಕೊಳ್ಳಿ ಬೀಸಿಯೇಬಿಟ್ಟ! ಅಪಾಯವಿದೆಯೆಂದು ಹೆದರಿ ಹಡಗಿನವರು ಲಂಗರು ಇಳಿಸಿದರು. ದೊರೆ ಕೆಂಡಾಮಂಡಲವಾಗಿ, ಇನ್ನು ಮೇಲೆ ಬೀಸಕೂಡದೆಂದ.

"ಅವತ್ತಿಂದ ಕೈ ಕಟ್ಕೊಂಡು ಕುಂತಿದೀನಿ. ನನ್ನ ದೀಪ ಎಲ್ರೂ ನೋಡ್ತಾರೆ, ಜವಾಬು ಕೊಡೋರು ಒಬ್ರೂ ಇಲ್ಲ."

ಇವತ್ತು ಮಾತ್ರ ಕೋಟೆಯಲ್ಲಿ ಕನ್ನಡ ಕೇಳುತ್ತಿದೆ. ಅಕ್ಕ ಕೆಂಚಕ್ಕ ರೈಲು, ದೋಣಿ ಹತ್ತಿ ತಮ್ಮನನ್ನು ಕರೆದೊಯ್ಯಲು ಬಂದಿದ್ದಾಳೆ. ಕೋಟೆಯೆಲ್ಲ ಸುತ್ತಿ, "ಇಷ್ಟು ದೊಡ್ಡ ಗ್ವಾಡೆ ಕಟ್ಟವ್ರೆ, ಒಳಗೆ ಒಂದು ಕುರೀನೂ ಇಲ್ವಲ್ಲೋ!" ಎಂದು ನಗುತ್ತಾಳೆ. ನಗುತ್ತಲೇ ಅಳು ಬರುತ್ತದೆ. "ಇಷ್ಟು ವರ್ಷ ನಿನ್ನ ಜವಾಬಿಲ್ಲ, ಅದಕ್ಕೇ ಎದ್ದು ಬಂದೆ. ಅವ್ವ ಹೋದ್ಮೇಲೆ ಮನ್ಯಾಗೆ ನಾನೊಬ್ಳೇ. ಬಾರೋ."

"ಬರಬೇಕಂತ ಜೀವ ಬಡ್ಕಂತೈತೆ ಅಕ್ಕ. ಆದ್ರೆ ದೀಪ ಹಚ್ಚೋಕೆ ಬೇರೆ ಯಾರೂ ಇಲ್ಲ. ಒಂದಿನ ಆರಿದ್ರೆ ಮೀನಿನೋರ ದೋಣಿ ಬಂಡೆಗೆ ಬಡೀತಾವೆ."

ಕೆಂಚಕ್ಕ ಮತ್ತೆ ಕೇಳುವುದಿಲ್ಲ. ತಂದ ಕಂಬಳಿಯನ್ನು ಅವನ ಹೆಗಲಿಗೆ ಹಾಕಿ, ಸಂಜೆಯ ದೋಣಿ ಹತ್ತುತ್ತಾಳೆ.

ಜೋಗಪ್ಪ ದೀಪ ಹಚ್ಚುತ್ತಾನೆ. ಮಬ್ಬುಗತ್ತಲ ನೀರಿನ ಮೇಲೆ, ದೂರ ಸರಿಯುತ್ತಿರುವ ದೋಣಿಯಲ್ಲಿ ಲಾಟೀನೊಂದು ಮೇಲೆದ್ದು, ಕೊಳ್ಳಿ ಬೀಸಿದಂತೆ ಅತ್ತಿತ್ತ ಆಡುತ್ತದೆ. ಜೋಗಪ್ಪ ತಿರುಗಿ ಬೀಸುವಂತಿಲ್ಲ. ಆ ಬೆಳಕು ಕಣ್ಮರೆಯಾಗುವವರೆಗೂ ನೋಡುತ್ತಾನೆ, ಕಂಬಳಿಯ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಾನೆ.

"ನಮ್ಮಕ್ಕ ಕಣ್ರಿ," ಎನ್ನುತ್ತಾನೆ. "ನನ್ನ ದೀಪಕ್ಕೆ ಜವಾಬು ಬಂತು."