ತಾರೀಖಪ್ಪನವರ ಕೊನೆಯ ವಾಯ್ದೆ

ಹೆತ್ತವರು ಇಟ್ಟ ಹೆಸರು ಬೇರೆ. ಕೋರ್ಟಿನ ಪಡಸಾಲೆಯಲ್ಲಿ ಆ ವಕೀಲರು ತಾರೀಖಪ್ಪ ಎಂದೇ ಪ್ರಸಿದ್ಧರು. ಕೇಸು ಗೆದ್ದುಕೊಡುವ ವಕೀಲರು ಬೇರೆ ಇದ್ದರು. ಕೇಸು ಮುಗಿಯಲೇಬಾರದು ಎನ್ನುವವರು ಇವರನ್ನು ಹುಡುಕಿಕೊಂಡು ಬರುತ್ತಿದ್ದರು. ಬೆನ್ನುನೋವು, ಗಂಟಲುನೋವು, ಸಾಕ್ಷಿಯ ಅತ್ತೆಯ ಸಾವು, ಒಂದೊಂದಕ್ಕೂ ಕೇಸು ಮುಂದಕ್ಕೆ ಹಾಕಿಸುವ ಒಂದೊಂದು ವಾಯ್ದೆ. ಎದುರು ವಕೀಲರೂ ಎದ್ದು "ನಮ್ಮ ತಕರಾರಿಲ್ಲ" ಎನ್ನುವರು. ಇವತ್ತು ನಿನಗೆ ನಾನು, ನಾಳೆ ನನಗೆ ನೀನು. ವಕೀಲರ ಕೋಣೆಯಲ್ಲಿ ಇದಕ್ಕೆ ಸಜ್ಜನಿಕೆ ಎಂದು ಹೆಸರು.

ಹೊಸ ಜಡ್ಜರಿಗೆ ಈ ಸಜ್ಜನಿಕೆಯ ಪರಿಚಯವಿರಲಿಲ್ಲ. ಅವರ ಮುಂದೆ ಬಂದದ್ದು ಅಣ್ಣತಮ್ಮಂದಿರ ಹಳೆಯ ದಾವೆ. ಮನೆಯೊಳಗಿನ ಮೆಟ್ಟಿಲಿಗೆ ಅಣ್ಣ ಬೀಗ ಹಾಕಿದ್ದ. ಮಹಡಿಯಲ್ಲಿದ್ದ ತಮ್ಮ ದಾವೆ ಹೂಡಿ, ಹಿತ್ತಲಿನ ಕಬ್ಬಿಣದ ಏಣಿ ಹತ್ತಿ ಹತ್ತಿಯೇ ತಲೆ ನರೆಸಿಕೊಂಡಿದ್ದ. ಅಣ್ಣನ ಪರ ತಾರೀಖಪ್ಪ. ಬೇಕೆಂದೇ ದಾವೆ ಎಳೆದ ನಿಮ್ಮ ವಕೀಲಿ ಸನ್ನದನ್ನು ಯಾಕೆ ಅಮಾನತಿನಲ್ಲಿಡಬಾರದು ಎಂದು ನೋಟಿಸು ಬಂತು.

ನೋಟಿಸಿನ ವಿಚಾರಣೆಯ ದಿನ ಬೆಳಿಗ್ಗೆ ತಾರೀಖಪ್ಪನವರು ಕರಿ ಕೋಟಿನ ಗುಂಡಿಯನ್ನು ಮತ್ತೆ ಮತ್ತೆ ತಪ್ಪು ತೂತಿಗೇ ಹಾಕುತ್ತಿದ್ದರು.

"ಎದೆ ಹೊಡ್ಕೋತಿದೆ ಕಣೇ. ನಿಜವಾಗ್ಲೂ."

"ನಿಜವಾದ್ದನ್ನ ಯಾರು ನಂಬ್ತಾರ್ರೀ ಈಗ?" ಎಂದು ಹೆಂಡತಿ ಗುಂಡಿ ಹಾಕಿದಳು. "ಇರೋ ಕಾಯಿಲೆ ಎಲ್ಲಾ ಕೋರ್ಟಲ್ಲೇ ಖರ್ಚು ಮಾಡಿ ಬಂದಿದೀರ. ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಸಾಕು."

ದಾರಿಯುದ್ದಕ್ಕೂ ತಪ್ಪಾಯ್ತು, ತಪ್ಪಾಯ್ತು ಎಂದು ಬಾಯಿಪಾಠ ಮಾಡಿದರು. ಕೋರ್ಟಿನಲ್ಲಿ ಅವರ ಹೆಸರಿನ ಕೂಗು ಬಿತ್ತು. ಎದ್ದು ನಿಂತರು. ಜಡ್ಜರು ಕತ್ತೆತ್ತಿದರು. ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು:

"ಮಹಾಸ್ವಾಮಿ, ಒಂದು ವಾಯ್ದೆ ದಯಪಾಲಿಸಬೇಕು."

"ನಮ್ಮ ತಕರಾರಿಲ್ಲ," ಎಂದು ಎದುರು ವಕೀಲರು ಅಭ್ಯಾಸಬಲದಿಂದ ಎದ್ದೇಬಿಟ್ಟರು.

ಬೆಂಚುಗಳೆಲ್ಲ ನಕ್ಕವು. ಜಡ್ಜರು ನಗಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಕೊಟ್ಟಿದೀನಿ. ಊಟದ ಹೊತ್ತಿನ ತನಕ. ಆಮೇಲೆ ಮೆಟ್ಟಿಲಿನ ವಾದ ಕೇಳ್ತೀನಿ. ಅದು ಮುಗಿದ ಮೇಲೆ ನಿಮ್ಮ ನೋಟಿಸು."

ವಾದ! ಫೈಲಿನ ದಾರದ ಗಂಟು ಕಲ್ಲಾಗಿ ಕೂತಿತ್ತು. ಊಟ ಬಿಟ್ಟು, ಉಗುರು ಮುರಿದುಕೊಂಡು ಬಿಚ್ಚಿದರು. ಎಷ್ಟೋ ವರ್ಷಗಳ ಮೇಲೆ ಒಂದು ಕೇಸನ್ನು ಓದಿದರು. ಇವತ್ತು ಪೂರ್ತಿ ವಾದಿಸಿಬಿಟ್ಟರೆ ಜಡ್ಜರ ಮನಸ್ಸು ಕರಗೀತು ಎಂಬ ಒಂದೇ ಆಸೆ.

ಮಧ್ಯಾಹ್ನ ಎದುರು ವಕೀಲರು ಹೇಳಿದರು: ಮಹಡಿಗೆ ಮನೆಯೊಳಗಿಂದ ಇರುವ ದಾರಿ ಅದೊಂದೇ. ತಾರೀಖಪ್ಪ ಹೇಳಿದರು: ಮೆಟ್ಟಿಲು ಕಟ್ಟಿಸಿದ್ದು ಅಣ್ಣ. ಇನ್ನೇನಿದೆ ಎಂದು ಹಾಳೆ ತಿರುವಿದರು. ಏನೂ ಇರಲಿಲ್ಲ. ಹೊರಗೆ ಕ್ಯಾಂಟೀನಿನಲ್ಲಿ ಯಾರೋ ಹೇಳಿದ ಕಾಫಿ ಇನ್ನೂ ಬಂದಿರಲಿಲ್ಲ, ವಾದ ಮುಗಿದಿತ್ತು.

"ಇಷ್ಟೇನಾ?" ಎಂದರು ಜಡ್ಜರು.

"ಇಷ್ಟೇ, ಮಹಾಸ್ವಾಮಿ," ಎಂದ ಮೇಲೆ ತಾರೀಖಪ್ಪನವರಿಗೆ ಹೊಳೆಯಿತು. ತಮಗೆ ಬಂದ ನೋಟಿಸಿಗೆ ತಾವೇ ಸಾಕ್ಷಿ ಹೇಳಿ ಮುಗಿಸಿದ್ದರು.

ಪೆನ್ನು ಸರಸರ ಓಡಿತು. ಮೆಟ್ಟಿಲಿನ ಬೀಗ ತೆಗೆಯಬೇಕು. ಸನ್ನದು ಆರು ತಿಂಗಳು ಅಮಾನತು. ಎದುರು ವಕೀಲರಿಗೂ ನೋಟಿಸು.

"ಯಾವತ್ತಿನಿಂದ, ಮಹಾಸ್ವಾಮಿ?" ತಾರೀಖಪ್ಪನವರು ಅಭ್ಯಾಸದಂತೆ ಡೈರಿ ತೆರೆದರು.

"ಈಗಿನಿಂದ."

ಆ ಮಾತನ್ನು ಅವರು ಆ ಕಟ್ಟಡದೊಳಗೆ ಹಿಂದೆಂದೂ ಕೇಳಿರಲಿಲ್ಲ. ಅಲ್ಲೇ ನಿಂತು ಕೋಟಿನ ಗುಂಡಿ ಬಿಚ್ಚಲು ತೊಡಗಿದರು.