ಗಿಬ್ಸನ್ ಸಾಹೇಬನ ಪಿಸ್ತೂಲು

ಕಳೆದ ವಾರ ನಮ್ಮ ಮನೆತನಕ್ಕೆ ಬೇಕಾದ ಹಿರಿಯರೊಬ್ಬರು ತೀರಿಕೊಂಡರು. (ಕೈ ಮುಗಿದ ಎಮೋಜಿ ಕಳಿಸಬೇಡಿ, ಮೊದಲು ಪೂರ್ತಿ ಓದಿ.) ಹೆಸರು ಇ.ಎಲ್. ಗಿಬ್ಸನ್. ಬ್ರಿಟಿಷ್ ಅಧಿಕಾರಿ. ತೀರಿಕೊಂಡದ್ದು ಪೊಲೀಸ್ ಠಾಣೆಯ ಮೇಜಿನ ಮೇಲೆ, ಸೀಮೆಎಣ್ಣೆಯಲ್ಲಿ ಅದ್ದಿದ ಒಂದು ಹಳೇ ಟೂತ್‌ಬ್ರಷ್‌ನಿಂದ.

ಅರ್ಥವಾಗಲಿಲ್ಲವೇ? ಮೊದಲಿನಿಂದ ಹೇಳುತ್ತೇನೆ.

ನಮ್ಮದು ಗುಡೂರಿನ ನೇಕಾರರ ಮನೆ. ಅಜ್ಜ ಮಲ್ಲಪ್ಪನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು ನನ್ನ ದೊಡ್ಡಪ್ಪ ಸಂಗಪ್ಪ, ಚಿಕ್ಕವರು ನನ್ನಪ್ಪ ಈರಣ್ಣ. ಅಜ್ಜ ಬಿಟ್ಟುಹೋದ ಆಸ್ತಿ ಇಷ್ಟೇ: ಒಂದು ಮನೆ, ಎರಡು ಕೈಮಗ್ಗ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಒಂದು ಪುಟ್ಟ ಪಿಸ್ತೂಲು.

ಪಿಸ್ತೂಲಿಗೊಂದು ಕಥೆಯಿತ್ತು. ಮಲಪ್ರಭೆ ತುಂಬಿ ಹರಿಯುವಾಗ ಕುದುರೆ ಸಮೇತ ಕೊಚ್ಚಿಹೋಗುತ್ತಿದ್ದ ಒಬ್ಬ ಸಾಹೇಬನನ್ನು ನಮ್ಮಜ್ಜ ಹಾರಿ ಎಳೆದು ತಂದನಂತೆ. ಸಾಹೇಬ ನೀರು ಕಕ್ಕಿ, ಎದ್ದು ನಿಂತು, ಸೊಂಟದಿಂದ ಪಿಸ್ತೂಲು ತೆಗೆದು ಅಜ್ಜನ ಕೈಯಲ್ಲಿಟ್ಟು, ‘ವೆಲ್ ಡನ್, ಮಲ್ಲಪ್ಪ’ ಎಂದನಂತೆ. ಸಾಕ್ಷಿ? ಪಿಸ್ತೂಲಿನ ಮೇಲೆ ಇಂಗ್ಲಿಷಿನಲ್ಲಿ ಕೊರೆದ ಇ, ಎಲ್, ಜಿ ಎಂಬ ಮೂರು ಅಕ್ಷರ. ‘ಸಾಹೇಬನ ಹೆಸರೇ ಇರಬೇಕು, ಜಿ ಅಂದ್ರ ಗಿಬ್ಸನ್’ ಎಂದು ಊರ ಸಾಲಿ ಮಾಸ್ತರರೊಬ್ಬರು ತೀರ್ಪು ಕೊಟ್ಟಿದ್ದರು. ಅವತ್ತಿನಿಂದ ಗಿಬ್ಸನ್ ನಮ್ಮ ಮನೆಯವನಾದ.

ನಾನು ಹುಟ್ಟುವ ಮೊದಲೇ ಮನೆ ಪಾಲಾಯಿತು. ನಡುವೆ ಗೋಡೆ ಎದ್ದಿತು. ಉಳಿದದ್ದರಲ್ಲಿ ಹಿರಿಯ ಮಗನಿಗೆ ಮೊದಲ ಆಯ್ಕೆ ಎಂದರು ಪಂಚರು. ದೊಡ್ಡಪ್ಪ ಯೋಚಿಸಲೂ ಇಲ್ಲವಂತೆ. “ಎರಡೂ ಮಗ್ಗ ತಮ್ಮಗ ಕೊಡ್ರಿ. ಅಪ್ಪನ ಮರ್ಯಾದಿ ನನ್ನ ಕಡೆ ಇರಲಿ,” ಎಂದರಂತೆ.

ಅಂದಿನಿಂದ ಕಣ್ಣು ಮಂಜಾಗುವವರೆಗೂ ದೊಡ್ಡಪ್ಪ ಕಂಡವರ ಮಗ್ಗದಲ್ಲಿ ಕೂಲಿಗೆ ಸೀರೆ ನೇಯ್ದರು. ನಮ್ಮ ಮನೆಯಲ್ಲಿ ಎರಡು ಮಗ್ಗ ಸದ್ದು ಮಾಡುತ್ತಿದ್ದವು. ಆ ಸದ್ದಿನಲ್ಲೇ ನಾನು ಸಾಲಿ ಮುಗಿಸಿದೆ, ಕಾಲೇಜು ಮುಗಿಸಿದೆ, ಎಂ.ಎ. ಮುಗಿಸಿದೆ. ಯಾರೂ ಕೇಳದಿದ್ದರೂ ಮಿಮಿಕ್ರಿ ಕಲಿತೆ.

ನಾನು ಯಾರನ್ನೂ ಬಿಟ್ಟವನಲ್ಲ. ಕುಳಗೇರಿ ಕ್ರಾಸ್‌ನಲ್ಲಿ ಮೂಗಿನಿಂದ ಕೂಗುವ ಕಂಡಕ್ಟರ್, ಮೈಕ್ ಕಂಡರೆ ಗಂಟಲು ಕಟ್ಟುವ ನಮ್ಮ ಪ್ರಿನ್ಸಿಪಾಲರು, ಇಂಟರ್ವ್ಯೂನಲ್ಲಿ ಮೈಸೂರು ಕನ್ನಡ ಮಾತಾಡಲು ಹೋಗಿ ‘ಬಂದೇನಿ’ ಎಂದು ಮುಗ್ಗರಿಸಿದ ನಾನು, ಎಲ್ಲರೂ ನನ್ನ ಗಂಟಲಲ್ಲಿದ್ದಾರೆ. ಆದರೆ ಮದುವೆಮನೆಗಳಲ್ಲಿ ನನ್ನ ಹಿಟ್ ಐಟಂ ಗಿಬ್ಸನ್ನೇ. ದೊಡ್ಡಪ್ಪ ಮುಂದಿನ ಸಾಲಿನಲ್ಲಿ ಕೂತು, “ತಮ್ಮಾ, ಸಾಹೇಬನ್ನ ಕರೀ” ಎನ್ನುತ್ತಿದ್ದರು. ನಾನು ಎದೆ ಉಬ್ಬಿಸಿ, ನಾಲಿಗೆ ತಿರುಚಿ, ‘ವೆಲ್ ಡನ್’ ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ದೊಡ್ಡಪ್ಪ ನಗುತ್ತಿರಲಿಲ್ಲ, ಸಣ್ಣಗೆ ತಲೆಯಾಡಿಸುತ್ತಿದ್ದರು.

ದಸರೆಯಲ್ಲಿ ನಮ್ಮ ಕಡೆ ಖಂಡೇ ಪೂಜೆ. ದುಡಿಯುವ ಸಾಮಾನಿಗೆಲ್ಲ ಅಂದು ಅರಿಸಿನ, ಕುಂಕುಮ, ಹೂವು. ನೇಕಾರರ ಮನೆಯಲ್ಲಿ ಮಗ್ಗಕ್ಕೆ, ಲಾಳಿಗೆ ಪೂಜೆ. ದೊಡ್ಡಪ್ಪನ ಮನೆಯಲ್ಲಿ ಪೂಜಿಸಲು ಮಗ್ಗವೇ ಇಲ್ಲ. ಹಾಗಾಗಿ ಮಣೆಯ ಮೇಲೆ ಪಿಸ್ತೂಲೊಂದೇ. ಎಣ್ಣೆ ಹಚ್ಚಿ, ಅದರ ಮೇಲೆ ಕುಂಕುಮ. ಮರುವರ್ಷ ಅದರ ಮೇಲೆ ಮತ್ತೆ ಎಣ್ಣೆ, ಮತ್ತೆ ಕುಂಕುಮ. ಮೂರು ಅಕ್ಷರ ಮಾತ್ರ ಮುಚ್ಚದಂತೆ ದೊಡ್ಡವ್ವ ಬೆರಳು ಆಚೀಚೆ ಸರಿಸಿ ಬೊಟ್ಟಿಡುತ್ತಿದ್ದಳು.

ಈ ಸಲ ದೊಡ್ಡಪ್ಪನ ಮೊಮ್ಮಗಳು ಪೂಜೆಯ ಫೋಟೊವನ್ನು ಸ್ಟೇಟಸ್‌ಗೆ ಹಾಕಿದಳು. ನೋಡಿದವರಲ್ಲಿ ಒಬ್ಬರು ಕಾನ್‌ಸ್ಟೇಬಲ್. (ಸ್ಟೇಟಸ್ ಯಾರಿಗೆ ಕಾಣಬೇಕು ಎಂಬ ಸೆಟ್ಟಿಂಗ್ ನಮ್ಮಲ್ಲಿ ಯಾರಿಗೆ ಗೊತ್ತು?) ಎರಡು ದಿನ ಬಿಟ್ಟು ಮನೆಗೆ ಬಂದರು. ಚಹಾ ಕುಡಿದರು. ಮೆತ್ತಗೆ ಕೇಳಿದರು, “ಅಜ್ಜಾರ, ಇದರ ಲೈಸೆನ್ಸ್ ಐತೇನ್ರಿ?”

“ಸಾಹೇಬ ಕೈಯಾರೆ ಕೊಟ್ಟಿದ್ದಕ್ಕ ಎಂಥಾ ಲೈಸೆನ್ಸ್ರೀ?” ಎಂದರು ದೊಡ್ಡಪ್ಪ.

ಕೊನೆಗೆ ಠಾಣೆಯಲ್ಲಿ ಒಪ್ಪಿಸುವುದೆಂದಾಯಿತು. ಒಪ್ಪಿಸುವ ಮೊದಲು ಇದು ಯಾವ ಬಗೆಯ ಆಯುಧ, ಎಲ್ಲಿಯದು ಎಂದು ತಿಳಿದವರು ನೋಡಿ ಬರೆಸಬೇಕಿತ್ತು. ಅದಕ್ಕೆ ಬಂದವರು ಶಿರೂರಿನ ಖಾಜಾಸಾಬರು. ಪೊಲೀಸ್ ಬಂದೂಕುಗಳ ರಿಪೇರಿಯಲ್ಲೇ ಸರ್ವಿಸ್ ಮುಗಿಸಿ ನಿವೃತ್ತರಾದವರು. ಠಾಣೆಯ ಬೆಂಚಿನ ಒಂದು ತುದಿಗೆ ದೊಡ್ಡಪ್ಪ, ಇನ್ನೊಂದು ತುದಿಗೆ ಅಪ್ಪ, ನಡುವೆ ನಾನು.

ದೊಡ್ಡಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದಿದ್ದರು. ಅವರ ಪ್ರಕಾರ ಇದು ಒಪ್ಪಿಸುವ ಕೆಲಸವೇ ಅಲ್ಲ. ಸರ್ಕಾರವೇ ಕಾಗದದ ಮೇಲೆ ಗಿಬ್ಸನ್ ಸಾಹೇಬನ ಹೆಸರು ಬರೆದು, ಠಸೆ ಒತ್ತಿ ಕೊಡುವ ದಿನ.

ಖಾಜಾಸಾಬರು ಮೊದಲು ಗುಂಡು ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಗುಂಡು ತುಂಬುವ ಐದೂ ತೂತುಗಳಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಆಮೇಲೆ ಟೂತ್‌ಬ್ರಷ್ ತೆಗೆದರು. ಆದರೆ ಉಜ್ಜಲಿಲ್ಲ.

“ಅಜ್ಜಾರ, ಪೂಜಿ ಮಾಡಿದ್ದೈತಿ. ತೊಳಿಯಾಕ ನಿಮ್ಮ ಪರವಾನಿಗಿ ಬೇಕ್ರಿ.”

“ತೊಳೀರಿ. ಸಾಹೇಬನ ಪೂರ್ತಿ ಹೆಸರು ಒಳಗ ಎಲ್ಲ್ಯಾರ ಇದ್ದೀತು.”

ಉಜ್ಜಿದರು. ಮೇಜಿನ ಮೇಲಿನ ಪೇಪರು ಕೆಂಪಾಯಿತು. ದೊಡ್ಡವ್ವನ ಅಷ್ಟೂ ವರ್ಷದ ಬೊಟ್ಟುಗಳು ಸೀಮೆಎಣ್ಣೆಯಲ್ಲಿ ಕರಗಿ ಇಳಿದವು. ಖಾಜಾಸಾಬರು ಕನ್ನಡಕ ಹಣೆಗೇರಿಸಿ, ಲೋಹವನ್ನು ಕಣ್ಣಿಗೆ ಅಂಟಿಸಿಕೊಂಡು ನೋಡಿದರು. ಗುಂಡು ಹಾರಿಸಲು ಎಳೆಯುವ ಕುದುರೆ ಮಡಚಿಕೊಂಡಿತ್ತು, ಬೆರಳಿಂದ ಅದನ್ನು ಬಿಡಿಸಿ, ಮತ್ತೆ ಮಡಚಿದರು.

“ಇದು ಪಿಸ್ತೂಲ ಅಲ್ರಿ, ರಿವಾಲ್ವರ್. ಕಿಸೆದಾಗ ಇಟ್ಕೊಳ್ಳೋದು. ಎಳೆಯೋ ಕುದುರಿ ಮಡಚತೈತಿ ನೋಡ್ರಿ, ಅಂಗಿಗೆ ಸಿಗಬಾರ್ದಂತ. ಬೆಲ್ಜಿಯಂ ದೇಶದ್ದು.”

“ಸಾಹೇಬ ಇಂಗ್ಲಂಡದಾಂವ ಇದ್ದನ್ರಿ,” ಎಂದರು ದೊಡ್ಡಪ್ಪ.

“ಇ, ಎಲ್, ಜಿ ಅಂತ ಐತೆಲ್ರಿ, ಅದು ಹೆಸರಲ್ಲ. ಆ ದೇಶದಾಗ ಲೀಜ್ ಅಂತ ಒಂದೂರೈತಿ. ಅಲ್ಲಿ ತಯಾರಾದ ಬಂದೂಕ ಎಲ್ಲಾ ಪರೀಕ್ಷಾ ಮಾಡಿ ಈ ಠಸೆ ಒತ್ತತಿದ್ರು. ನಿಮ್ಮ ಸೀರಿಗೆ ಸೊಸೈಟ್ಯಾಗ ಠಸೆ ಒತ್ತೂದಿಲ್ಲೇನ್ರಿ, ಹಂಗ. ಇಂಥಾ ಠಸೆ ಇದ್ದದ್ದು ನನ್ನ ಕೈಯಾಗ ಎಷ್ಟೋ ಹಾದು ಹೋಗ್ಯಾವು.”

ನನ್ನಪ್ಪ ಎದ್ದು ನಿಂತರು. ಎರಡೂ ಮಗ್ಗ ಪಡೆದವರು. ಆ ಪಿಸ್ತೂಲು ತಮ್ಮ ಪಾಲಿಗೆ ಬರಲಿಲ್ಲವೆಂದು ಹಬ್ಬಹಬ್ಬಕ್ಕೂ ಕೊರಗಿದವರು. “ಇನ್ನೊಮ್ಮೆ ನೋಡ್ರಿ ಖಾಜಾಸಾಬ್ರ. ತಯಾರ ಮಾಡಿದವನ ಹೆಸರಾದ್ರೂ ಇರಬೇಕಲ್ರಿ.”

“ಚಲೋ ಮಾಲಿದ್ರ ಹೆಸರ ಹಾಕ್ಕೋತಾರ. ಇದ್ರಾಗಿಲ್ಲ. ಅಗ್ಗದ ಮಾಲ್ರಿ. ಆಗ ದೊಡ್ಡೂರಿನ ಅಂಗಡ್ಯಾಗ ಸಿಗತಿದ್ವು. ಇದಕ್ಕ ವೆಲೋ ಡಾಗ್ ಅಂತಾರ.” ಖಾಜಾಸಾಬರು ಅದನ್ನು ಮೇಜಿನ ಮೇಲಿಟ್ಟರು. “ಸೈಕಲ್ ಹೊಡಿಯೋರು ಇಟ್ಕೊಂತಿದ್ರು. ಬೆನ್ನ ಹತ್ತಿದ ನಾಯಿ ಓಡ್ಸಾಕ. ನಿಮ್ಮ ಅಪ್ಪಾರು ಏನ್ ಮಾಡ್ತಿದ್ರು?”

ಅಪ್ಪ ಮೆಲ್ಲಗೆ ಮತ್ತೆ ಕೂತರು. ಕೊನೆಗೆ ದೊಡ್ಡಪ್ಪನೇ ಹೇಳಿದರು. “ಸೈಕಲ್ ಮ್ಯಾಲ ಸೀರಿ ಗಂಟು ಕಟಗೊಂಡು ಮಾರತಿದ್ದ. ಇಳಕಲ್ಲು, ಹುನಗುಂದ, ಬಾದಾಮಿ. ಎಡಗಾಲ ಮೀನಖಂಡದಾಗ ನಾಯಿ ಕಡಿದ ಕಲೆ ಇತ್ತು.”

ಈ ಹೊತ್ತಿನಲ್ಲಿ ನಾನು ಮಾಡಿದ ಘನಕಾರ್ಯ ಕೇಳಿ. ಮೌನ ತಡೆಯುವ ಶಕ್ತಿ ನನಗಿಲ್ಲ. ದೊಡ್ಡಪ್ಪನ ಮುಖ ಅರಳಲಿ ಎಂದುಕೊಂಡು ಎದೆ ಉಬ್ಬಿಸಿ, ನಾಲಿಗೆ ತಿರುಚಿ, ‘ವೆಲ್ ಡನ್, ಮಲ್ಲಪ್ಪ’ ಎಂದುಬಿಟ್ಟೆ.

ದೊಡ್ಡಪ್ಪ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. “ಅಂವಾ ಇರಲೇ ಇಲ್ಲಂತಲೋ ತಮ್ಮಾ. ಬಿಡು.”

ಬೈದಿದ್ದರೆ ಚೆನ್ನಾಗಿತ್ತು.

ಅಜ್ಜ ಸುಳ್ಳು ಹೇಳಿದನೇ? ಹೇಳಿರಬೇಕು. ನಾಯಿಗೆ ಹೆದರುವುದು ತಪ್ಪೇನಲ್ಲ. ಕಚ್ಚಿಸಿಕೊಂಡ ಕಾಲಲ್ಲೇ ಮರುದಿನ ಮತ್ತೆ ಅದೇ ದಾರಿಯಲ್ಲಿ ಸೈಕಲ್ ತುಳಿದವನು ಆತ. ಅದನ್ನೇ ಹೇಳಬಹುದಿತ್ತಲ್ಲ? ಆದರೆ ಕಿಸೆಯಲ್ಲಿ ಸಿಕ್ಕಿದ್ದನ್ನು ಹಿಡಿದು ‘ಅಪ್ಪಾ, ಇದೇನು?’ ಎಂದು ಮಕ್ಕಳು ಕೇಳಿದಾಗ, ‘ನನಗೆ ನಾಯಿ ಅಂದರೆ ಅಂಜಿಕೆ’ ಎನ್ನುವ ಅಪ್ಪ ಯಾವ ಊರಲ್ಲಿದ್ದಾನೆ? ಒಂದು ಮಧ್ಯಾಹ್ನದ ಮಟ್ಟಿಗೆ ಹೇಳಿದ್ದಿರಬೇಕು. ಮಾಸ್ತರರು ಅದಕ್ಕೆ ಹೆಸರು ಕೊಟ್ಟರು. ದೊಡ್ಡವ್ವ ಕುಂಕುಮ ಹಚ್ಚಿದಳು. ದನಿ ಕೊಟ್ಟವನು ನಾನು. ಒಬ್ಬರ ಸುಳ್ಳಿಗೆ ಇಷ್ಟು ಆಯುಷ್ಯ ಎಲ್ಲಿಂದ ಬರಬೇಕು? ಎಲ್ಲರೂ ಸೇರಿಯೇ ಸಾಕಿದ್ದೆವು. ಆದರೆ ಅದರ ಬೆಲೆ ಕೊಟ್ಟವರು ಒಬ್ಬರೇ.

ವಿವರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. “ನಿನ್ನ ಅಕ್ಷರ ಚಲೋ ಅದಾವಂತಲ್ಲಪಾ,” ಎಂದು ಕಾನ್‌ಸ್ಟೇಬಲ್ ಪೆನ್ನು ಕೊಟ್ಟರು. ಖಾಜಾಸಾಬರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಬಗೆ: ಕಿಸೆ ರಿವಾಲ್ವರ್. ದೇಶ: ಬೆಲ್ಜಿಯಂ. ತಯಾರಕರು: ಹೆಸರಿಲ್ಲ. ಹೇಗೆ ಬಂತು: ತಂದೆಯಿಂದ. ಸ್ಥಿತಿ: ತುಕ್ಕು, ಕೆಲಸ ಮಾಡುವುದಿಲ್ಲ. ಅಂದಾಜು ಕಿಮ್ಮತ್ತು.

ಇಲ್ಲಿ ಖಾಜಾಸಾಬರು ರಿವಾಲ್ವರನ್ನು ಮತ್ತೊಮ್ಮೆ ಎತ್ತಿ ನೋಡಿದರು. ದೊಡ್ಡಪ್ಪ ನೆಲ ನೋಡುತ್ತಲೇ ಹೇಳಿದರು, “ಎರಡು ಮಗ್ಗ ಅಂತ ಬರಿ.”

ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ನಾನು ಪೆನ್ನು ಎತ್ತಿ ಹಿಡಿದೆ.

“ಅಜ್ಜಾರ, ಸರ್ಕಾರಿ ಕಾಗದ ಐತ್ರಿ,” ಎಂದರು ಖಾಜಾಸಾಬರು, ಬಹಳ ಮೆತ್ತಗೆ.

“ಹಂಗಾರ ನೀವು ಹೇಳಿದ್ದು ಬರೀಲಿ.”

ಖಾಜಾಸಾಬರು ಒಂದೇ ಪದ ಹೇಳಿದರು. ಆ ಎರಡು ಮಗ್ಗಗಳ ದುಡಿಮೆಯಲ್ಲಿ ಅಕ್ಷರ ಕಲಿತವನು ನಾನು. ‘ಗುಜರಿ’ ಎಂದು ಬರೆದೆ.

ದುಂಡಗೆ ಬಂತು.